ಏಳನೆಯ ಬಣ್ಣ

ಕಾರ್ಕಳದ ಆ ಅಂಗಡಿಯ ಹಿಂದಿನ ಶೆಡ್ಡಿಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದದ್ದು ಹಸಿ ಪೈಂಟಿನ ವಾಸನೆ. ಎನಾಮೆಲ್, ಥಿನ್ನರ್, ಅವುಗಳ ಅಡಿಯಲ್ಲೆಲ್ಲೋ ಸ್ವಲ್ಪ ಚಿಮಿಣಿ ಎಣ್ಣೆ. ಜೊತೆಗೆ ಬಂದಿದ್ದ ಮಗಳು ಮೂಗು ಮುಚ್ಚಿಕೊಂಡು ಹೊರಗೇ ನಿಂತಳು. ನನಗೋ, ಯಾರೋ ತಲೆಗೆ ಮಲ್ಲಿಗೆ ಮುಡಿಸಿದಷ್ಟು ಖುಷಿಯಾಯಿತು.

ತೂಗುವ ಕುರ್ಚಿ ಕೊಳ್ಳಬೇಕೆಂದು ಮನೆಯಿಂದ ಹೊರಟದ್ದು ಇದು ಮೂರನೆಯ ಶನಿವಾರ. ಮೊದಲು ಕಟಪಾಡಿಯ ಗುಜರಿ ಅಂಗಡಿ, ಆಮೇಲೆ ಮಣಿಪಾಲದಲ್ಲಿ ‘ಆಂಟಿಕ್’ ಎಂದು ಬೋರ್ಡು ಹಾಕಿಕೊಂಡ ಗಾಜಿನ ಬಾಗಿಲಿನ ಅಂಗಡಿ, ಈಗ ಇದು. ಬಣ್ಣ ಬಳಿದ ಹಳೆಯ ಕುರ್ಚಿಗಳಿಗೆ ಈಗ ಭಾರೀ ಬೇಡಿಕೆಯಂತೆ. ಹೋಂಸ್ಟೇ ನಡೆಸುವವರು, ಕಾಫಿ ಅಂಗಡಿ ತೆರೆದವರು, ಬಣ್ಣ ಎದ್ದುಹೋದ ಕುರ್ಚಿಯೇ ಆಗಬೇಕು ಎನ್ನುತ್ತಾರಂತೆ. ಅದಕ್ಕೇ ಅಂಗಡಿಯವರು ಕುರ್ಚಿಗೆ ಹೊಸ ಬಣ್ಣ ಬಳಿದು, ಒಣಗಿದ ಮೇಲೆ ಅಲ್ಲಲ್ಲಿ ಉಜ್ಜಿ, ಹಳತು ಮಾಡುತ್ತಾರೆ. ನಾವು ವಯಸ್ಸು ಮುಚ್ಚಲು ತಲೆಗೆ ಬಣ್ಣ ಹಚ್ಚುತ್ತೇವೆ, ಇವರು ವಯಸ್ಸು ತೋರಿಸಲು ಕುರ್ಚಿಗೆ ಹಚ್ಚುತ್ತಾರೆ. ಲೋಕೋ ಭಿನ್ನರುಚಿಃ.

ಶೆಡ್ಡಿನ ಮೂಲೆಯಲ್ಲಿ ಹಸಿರು ಬಣ್ಣದ ಕುರ್ಚಿಯೊಂದಿತ್ತು. ಬೆಲೆ ಕೇಳುವ ಮೊದಲು, ಎಲ್ಲ ಅಂಗಡಿಗಳಲ್ಲಿ ಮಾಡುವ ಹಾಗೆ, ಬಗ್ಗಿ ಅದರ ಎಡಗಾಲಿನ ಅಡಿಯ ಬಾಗಿದ ಮರವನ್ನು ನೋಡಿದೆ.

“ಗೆದ್ದಲು ನೋಡುದಾ ಅಕ್ಕ? ಇಲ್ಲ ಮಾರಾಯ್ರೆ, ಒಳ್ಳೆ ಸಾಗುವಾನಿ ಉಂಟು. ಕೂತು ನೋಡಿ, ಒಣಗಿದೆ,” ಎಂದರು ಅಂಗಡಿಯವರು.

ಗೆದ್ದಲು ಎಂದೇ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ನಾನು ಹುಡುಕುತ್ತಿದ್ದದ್ದು ಒಂದು ಜೋಡಣೆಯ ಗುರುತನ್ನು. ಮುರಿದ ಮರಕ್ಕೆ ಬೇರೆ ತುಂಡು ಸೇರಿಸಿ ಎರಡು ಮರದ ಮೊಳೆ ಬಡಿದ ಗುರುತು. ಮೊಣಕಾಲು ನೋವಿಗೆ ಕುರ್ಚಿ ಬೇಕು ಎಂದು ಮಗಳಿಗೆ ಹೇಳಿದ್ದೇನೆ. ಆದರೆ ನಾನು ಇಷ್ಟು ವರ್ಷಗಳಿಂದ ಗುಜರಿ ಅಂಗಡಿಗಳಲ್ಲಿ ಇಣುಕುತ್ತಿರುವುದು ಒಂದೇ ಒಂದು ಕುರ್ಚಿಗಾಗಿ. ಈ ಕುರ್ಚಿಯಲ್ಲಿ ಆ ಗುರುತು ಇರಲಿಲ್ಲ. ಆದರೂ ಕುಳಿತೆ. ವಾಸನೆ ಎಳೆಯಿತು...

ಕಾಪುವಿನಲ್ಲಿ ನನ್ನ ತವರುಮನೆಗೂ ಆ ಕುರ್ಚಿಯ ಯಜಮಾನರ ಮನೆಗೂ ನಡುವೆ ಒಂದು ಬಾವಿ ಮಾತ್ರ. ಅವರು ಬೋಟುಗಳಿಗೆ ಬಣ್ಣ ಬಳಿಯುವವರು. ನಾವು ಮಕ್ಕಳೆಲ್ಲ ‘ಪೈಂಟ್ ಮಾಮ’ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಬರೀ ‘ಮಾಮಿ’. ಮಳೆಗಾಲದಲ್ಲಿ ಮೀನುಗಾರಿಕೆಗೆ ರಜೆ ಬಿದ್ದು ಬೋಟುಗಳು ದಡ ಸೇರಿದಾಗ ಮಾಮನಿಗೆ ಕೆಲಸ ಸುರು. ಬೆಳಿಗ್ಗೆ ಬಸ್ಸು ಹತ್ತಿ ಮಲ್ಪೆಗೆ ಹೋದರೆ, ಟಾರ್ಪಾಲಿನ ಅಡಿಯಲ್ಲಿ ದಿನವಿಡೀ ಬಣ್ಣ. ಊರಿಗೆಲ್ಲ ರಜೆ ಇದ್ದಾಗ ಅವರು ದುಡಿಯುತ್ತಿದ್ದರು, ಊರೆಲ್ಲ ದುಡಿಯುವಾಗ ಜಗಲಿಯಲ್ಲಿ ಕುಳಿತು ಬೀಡಿ ಸೇದುತ್ತಿದ್ದರು. “ನಿಮ್ಮದು ಪುಣ್ಯದ ಜೀವನ ಮಾರಾಯ್ರೆ” ಎಂದು ನನ್ನ ಅಪ್ಪ ಕೀಟಲೆ ಮಾಡುತ್ತಿದ್ದರು.

ಮಾಮಿ ಒಮ್ಮೆ ಬಾವಿಕಟ್ಟೆಯಲ್ಲಿ ಜಾರಿಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಆಮೇಲೆ ಅವರಿಗೆ ನೆಲದ ಮೇಲೆ ಕೂರಲು ಆಗಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಬರುವ ಮಲ್ಲಿಗೆ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ ಹೂವಿನವರಿಗೆ ಕೊಡುವುದು ಅವರ ಕೆಲಸ. ನೆಲದಲ್ಲಿ ಕೂರದೆ ಹೂ ಕಟ್ಟುವುದು ಹೇಗೆ? ಮಾಮ ಕಟಪಾಡಿಯ ಕಡೆಯ ಒಬ್ಬ ಕ್ರಿಶ್ಚಿಯನ್ ಪೊರ್ಬುಗಳ ಮನೆಯಿಂದ ಹಳೆಯ ತೂಗುವ ಕುರ್ಚಿಯೊಂದನ್ನು ತಲೆಯ ಮೇಲೆ ಹೊತ್ತು ತಂದರು. ಅದರ ಬೆತ್ತ ಹರಿದಿತ್ತು, ಮೈಯೆಲ್ಲ ಬೂಷ್ಟು ಹಿಡಿದಿತ್ತು. ಬೆತ್ತದ ಜಾಗಕ್ಕೆ ಹಲಗೆ ಬಡಿದು, ಆ ವರ್ಷ ಮಲ್ಪೆಯಲ್ಲಿ ಬಳಿದು ಉಳಿದ ಬೋಟಿನ ಬಣ್ಣವನ್ನು ಅದಕ್ಕೆ ಹಚ್ಚಿದರು. ಮೊದಲ ಬಣ್ಣ ಹಸಿರು.

ಅಲ್ಲಿಂದ ಅದು ಪದ್ಧತಿಯೇ ಆಯಿತು. ಪ್ರತಿ ವರ್ಷ ಬೋಟುಗಳು ಮತ್ತೆ ಕಡಲಿಗಿಳಿಯುವ ಮೊದಲು, ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ, ಉಳಿದ ಬಣ್ಣ ಡಬ್ಬಿಯಲ್ಲಿ ಮನೆಗೆ ಬರುತ್ತಿತ್ತು. ಒಂದು ವರ್ಷ ಕೆಂಪು, ಒಂದು ವರ್ಷ ನೀಲಿ. ಮಾಮಿ ಕುಳಿತ ಬಣ್ಣದ ಬೋಟಿಗೆ ಆ ವರ್ಷ ಮೀನು ಜಾಸ್ತಿ ಎಂದು ಬೋಟಿನವರು ತಮಾಷೆಗೆ ಹೇಳುತ್ತಿದ್ದರು. ತಮಾಷೆಗೆ ಹೇಳಿದರೂ ಉಳಿದ ಬಣ್ಣವನ್ನು ಮರೆಯದೆ ಕೊಟ್ಟು ಕಳಿಸುತ್ತಿದ್ದರು. ಕುರ್ಚಿ ಒಣಗುವವರೆಗೆ ಮಾಮಿಗೆ ಕೂರಲು ಜಾಗವಿಲ್ಲ. ಆಗ ಮಾಮ ಜಗಲಿಯ ಕಟ್ಟೆಯ ಮೇಲೆ ಬೆನ್ನು ಕೊಟ್ಟು ಕುಳಿತಿರುತ್ತಿದ್ದರು, ಮಾಮಿ ಆ ಬೆನ್ನಿಗೆ ಒರಗಿ ಹೂ ಕಟ್ಟುತ್ತಿದ್ದರು. ಹೂವಿನ ಚೆಂಡು ಕಟ್ಟಿ ಮುಗಿಯುವವರೆಗೆ ಮಾಮ ಬೀಡಿಗೂ ಏಳುತ್ತಿರಲಿಲ್ಲ. ಗಂಡ ಹೆಂಡತಿ ಹಗಲು ಹೊತ್ತಿನಲ್ಲಿ ಹಾಗೆ ಒರಗಿ ಕುಳಿತದ್ದನ್ನು ನಾನು ನಮ್ಮ ಊರಿನಲ್ಲಿ ಬೇರೆಲ್ಲೂ ನೋಡಲಿಲ್ಲ.

ಒಮ್ಮೆ ನಾನು ಬಣ್ಣ ಒಣಗುವ ಮೊದಲೇ ಕುರ್ಚಿಯಲ್ಲಿ ಕುಳಿತು ಶಾಲೆಯ ಲಂಗ ಹಾಳು ಮಾಡಿಕೊಂಡೆ. ಅಮ್ಮ ಕೋಲು ಹಿಡಿದು ಬಂದಾಗ ಮಾಮಿ ನನ್ನನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಚಿಮಿಣಿ ಎಣ್ಣೆ ಹಾಕಿ ಲಂಗ ಉಜ್ಜಿಕೊಟ್ಟರು. ಕಲೆ ಪೂರ್ತಿ ಹೋಗಲಿಲ್ಲ, ಪೆಟ್ಟು ಮಾತ್ರ ತಪ್ಪಿತು.

ನಾನು ಹೈಸ್ಕೂಲು ಮುಗಿಸುವ ವರ್ಷ ಮಾಮಿ ತೀರಿಕೊಂಡರು. ಕುರ್ಚಿಗೆ ಅಷ್ಟರಲ್ಲಿ ಹನ್ನೊಂದು ಬಣ್ಣ ಆಗಿತ್ತು. ಕೊನೆಯದು ತಿಳಿನೀಲಿ. ಆಮೇಲೆ ಮಾಮ ಅದಕ್ಕೆ ಬ್ರಷ್ ಮುಟ್ಟಿಸಲಿಲ್ಲ. ಬಲಗೈ ಇಡುವಲ್ಲಿ, ಮಾಮಿಯ ಹೆಬ್ಬೆರಳು ಉಜ್ಜಿ ಉಜ್ಜಿ ಬಣ್ಣ ಎದ್ದ ಒಂದು ಜಾಗ ಇತ್ತು. ಕೊಯ್ದಿಟ್ಟ ಪತ್ರೊಡೆಯ ಹಾಗೆ ಅಲ್ಲಿ ಪದರ ಪದರ ಕಾಣುತ್ತಿತ್ತು. ಸಂಜೆ ಹೊತ್ತು ಮಾಮ ಅಲ್ಲಿ ಕೈಯಿಟ್ಟು ಕುಳಿತಿರುತ್ತಿದ್ದರು.

ಈಗ ನನ್ನ ಬುದ್ಧಿವಂತಿಕೆಯ ಕತೆ. ಓದು ಮುಗಿಸಿ ಮಣಿಪಾಲದ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ದೊಡ್ಡವರ ಮನೆಗಳಲ್ಲಿ ಕನ್ನಡಿಯ ಹಾಗೆ ಹೊಳೆಯುವ ಪಾಲಿಶಿನ ಕುರ್ಚಿ ಮೇಜು ನೋಡಿ, ಚೆಂದ ಎಂದರೆ ಇದು ಎಂದು ತೀರ್ಮಾನಿಸಿ ಆಗಿತ್ತು. ಆಗಲೇ ಮಾಮನ ಕುರ್ಚಿಯ ಎಡಗಾಲಿನ ಬಾಗಿದ ಮರ ಮುರಿಯಿತು. ಮಾಮನ ಕಣ್ಣಿಗೆ ಪೊರೆ ಬಂದಿತ್ತು, ಕೈಯೂ ನಡುಗುತ್ತಿತ್ತು. “ನಿನ್ನ ಆಫೀಸಿನ ಹತ್ತಿರ ಯಾರಾದ್ರೂ ಆಚಾರಿ ಇದ್ರೆ ಕಾಲು ಒಂದು ಸರಿ ಮಾಡಿಸಿ ತಾ ಮಗಾ” ಎಂದರು.

ನಾನು ಕುರ್ಚಿಯನ್ನು ಟೆಂಪೋದಲ್ಲಿ ಹಾಕಿಸಿ ಪರ್ಕಳಕ್ಕೆ ಒಯ್ದೆ. ಅಲ್ಲಿನ ಆಚಾರಿ ಕಾಲು ಸರಿ ಮಾಡಿದರು. ಬಣ್ಣದ ಅಡಿಯಲ್ಲಿ ಸಾಗುವಾನಿ ಇದೆ ಎಂದೂ ಹೇಳಿದರು. ಅಷ್ಟು ಸಾಕಾಯಿತು ನನಗೆ. ಮಾಮನಿಗೆ ಆಶ್ಚರ್ಯವಾಗಲಿ ಎಂದು, ಪಕ್ಕದ ಪಾಲಿಶಿನವರಿಗೆ ಹೇಳಿ ಅಷ್ಟೂ ಬಣ್ಣ ಕೆರೆಸಿ, ಸ್ಯಾಂಡ್ ಪೇಪರ್ ಉಜ್ಜಿಸಿ, ಫಳಫಳ ಪಾಲಿಶ್ ಹಾಕಿಸಿದೆ. ನನ್ನ ಮೊದಲ ಸಂಬಳದ ಖರ್ಚು ಅದು. ಕುರ್ಚಿ ಎಷ್ಟು ಚೆಂದ ಕಂಡಿತೆಂದರೆ ಟೆಂಪೋದ ಹಿಂದೆ ಅದರ ಜೊತೆಗೇ ಕುಳಿತು ಕಾಪುವಿಗೆ ಬಂದೆ.

ಮಾಮ ಹತ್ತಿರ ಬಂದು ಬಗ್ಗಿ ನೋಡಿದರು. ಬಲಗೈ ಇಡುವ ಜಾಗದಲ್ಲಿ ಹೆಬ್ಬೆರಳಿಟ್ಟು ಹುಡುಕಿದರು. ಮತ್ತೆ ಹುಡುಕಿದರು.

“ಅವಳ ಬಣ್ಣ ಎಲ್ಲಿ ಮಗಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮನುಷ್ಯ ನಿಜವಾಗಿ ಕೇಳಿದರು, ನಾನು ಎಲ್ಲೋ ತೆಗೆದಿಟ್ಟಿದ್ದೇನೆ ಎಂಬ ಹಾಗೆ. ನಾನು ಅಲ್ಲೇ ಜಗಲಿಯಲ್ಲಿ ಕುಳಿತು ಅತ್ತುಬಿಟ್ಟೆ. ಆಮೇಲೆ ಅವರೇ ನನ್ನ ತಲೆ ಸವರಿ “ಮರ ಚೆಂದ ಉಂಟು, ಅಳುದೆಂತಕ್ಕೆ” ಎಂದು ಸಮಾಧಾನ ಮಾಡಬೇಕಾಯಿತು. ಸಮಾಧಾನ ಹೇಳಿದರು, ಆದರೆ ಒಂದು ವಾರ ಆ ಕುರ್ಚಿಯಲ್ಲಿ ಕೂರಲಿಲ್ಲ. ಅದನ್ನು ಅಮ್ಮ ನನಗೆ ಹೇಳಿದಳು.

ಮುಂದಿನ ಭಾನುವಾರ ನಾನು ಬಾವಿ ಸುತ್ತಿ ಅವರ ಮನೆಗೆ ಹೋದೆ. ಎಲ್ಲ ಬಣ್ಣಗಳನ್ನು ಮತ್ತೆ ಹಚ್ಚೋಣ ಮಾಮ, ಮೊದಲಿನಿಂದ, ಅದೇ ಕ್ರಮದಲ್ಲಿ, ನಾನು ಹಚ್ಚುತ್ತೇನೆ, ನೀವು ಹೇಳಿ ಎಂದೆ. ಮಾಮ ಕುರ್ಚಿಯ ಪಾಲಿಶನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ “ಪಾಲಿಶಿನ ಮೇಲೆ ಬಣ್ಣ ನಿಲ್ಲುದಿಲ್ಲ, ಮೊದಲು ಅದನ್ನು ಉಜ್ಜು” ಎಂದರು.

ಆ ಮಳೆಗಾಲ ಪೂರ್ತಿ ಭಾನುವಾರಕ್ಕೊಂದು ಬಣ್ಣ. ಮಾಮನ ಲೆಕ್ಕ ವರ್ಷಗಳದ್ದಲ್ಲ, ಬೋಟುಗಳದ್ದು. ಯಾವ ಬೋಟು ಬಳಿದ ಮೇಲೆ ಯಾವ ಬೋಟು, ಯಾರ ಮದುವೆಗೆ ಮೊದಲು, ಯಾರ ಬೋಟು ಮಗುಚಿದ ಮೇಲೆ, ಹೀಗೆ ಬೆರಳು ಮಡಚಿ ಹೇಳುತ್ತಿದ್ದರು. ಹಸಿರು. ಕೆಂಪು. ಕಡುನೀಲಿ. ಬಿಳಿ. ನಾನು ಹಚ್ಚಿದ್ದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಬಂದು ಪರೀಕ್ಷಿಸಿ, ಅಂಚಿನಲ್ಲಿ ಸೋರಿದ್ದಕ್ಕೆ ತಪ್ಪದೆ ಬೈಯುತ್ತಿದ್ದರು. ಬೋಟಿಗೆ ಹೀಗೆ ಹಚ್ಚಿದರೆ ಮೀನುಗಳು ನಗಾಡಿಯಾವು ಎನ್ನುತ್ತಿದ್ದರು. ಆರು ವಾರ ಸಲೀಸಾಗಿ ಹೋಯಿತು.

ಏಳನೆಯದು ಬರಲಿಲ್ಲ.

ಆರನೆಯದು ಮತ್ತೆ ಕೆಂಪು, ಎಂಟನೆಯದು ಕಂದು. ನಡುವೆ ಒಂದು ಇತ್ತು ಎಂಬುದು ಖಾತ್ರಿ, ಯಾಕೆಂದರೆ ಹನ್ನೊಂದು ಎಂದು ಮಾಮಿಯೇ ಎಣಿಸಿ ಹೇಳಿದ್ದರು. ಮಾಮ ನಡುಗುವ ಕೈಯಲ್ಲಿ ಬಸ್ಸಿನ ಸರಳು ಹಿಡಿದುಕೊಂಡು ಮಲ್ಪೆಗೆ ಹೋಗಿ, ಹಳೆಯ ಬೋಟಿನವರ ಮನೆ ಮನೆ ತಿರುಗಿ, ಆ ವರ್ಷ ನಿಮ್ಮ ಬೋಟು ಬಳಿದದ್ದು ನಾನೇನಾ ಎಂದು ಕೇಳಿದರು. ಒಬ್ಬರೂ ಹೌದೆನ್ನಲಿಲ್ಲ. ಬಂದು ನನ್ನನ್ನೂ ಕೇಳಿದರು. “ನೀನು ಯಾವಾಗ್ಲೂ ಅದರ ಹತ್ತಿರವೇ ಇದ್ದವಳಲ್ವಾ, ನಿನಗೆ ನೆನಪುಂಟಾ?” ನಾನು ಎಷ್ಟು ತಲೆ ಕೆರೆದುಕೊಂಡರೂ... ಇಲ್ಲ ಮಾಮ ಎಂದೆ.

ಯಾವುದಾದರೂ ಒಂದು ಹಚ್ಚಿಬಿಡೋಣ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಆ ಭಾನುವಾರ ಬಣ್ಣ ಹಚ್ಚಲಿಲ್ಲ. ಬ್ರಷ್ ಎತ್ತಿಟ್ಟು ನಾನು ಮನೆಗೆ ಮರಳಿದೆ. ಮುಂದಿನ ವಾರ ಕಂದು ಹಚ್ಚಿದೆವು. ತಿಳಿನೀಲಿ ಒಣಗಿದ ದಿನ ಮಾಮ ಕುರ್ಚಿಯಲ್ಲಿ ಕುಳಿತು, ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ತೂಗಿ, “ಒಂದು ಕಡಿಮೆ ಉಂಟು, ಆದ್ರೂ ಅವಳದ್ದೇ” ಎಂದರು. ನನ್ನನ್ನು ಕ್ಷಮಿಸಿದ್ದು ಹಾಗೆ. ಆದರೆ ಆ ‘ಒಂದು ಕಡಿಮೆ’ಯನ್ನು ಅವರು ಬಿಡಲಿಲ್ಲ. ನಾನು ಮದುವೆಯಾಗಿ ಕಾರ್ಕಳಕ್ಕೆ ಬಂದ ಮೇಲೂ, ತವರಿಗೆ ಹೋದಾಗಲೆಲ್ಲ ಬಾವಿಯ ಆಚೆಯಿಂದ ಮೊದಲ ಪ್ರಶ್ನೆ ಅದೇ. ನೆನಪಾಯಿತಾ? ಹೆರಿಗೆಗೆ ಹೋದಾಗಲೂ ಕೇಳಿದರು, ಮಗು ಹೆಣ್ಣೋ ಗಂಡೋ ಎಂದು ಕೇಳಿದ್ದು ಆಮೇಲೆ.

ಅವರು ಹೋದ ಸುದ್ದಿ ನನಗೆ ತಡವಾಗಿ ಬಂತು. ನಾನು ಕಾಪು ತಲುಪುವಷ್ಟರಲ್ಲಿ ಪಡುಬಿದ್ರಿಯಿಂದ ಬಂದ ಅವರ ತಂಗಿಯ ಮಗ ಮನೆ ಖಾಲಿ ಮಾಡಿ ಆಗಿತ್ತು. ಕುರ್ಚಿ ಯಾವುದೋ ಗುಜರಿ ಗಾಡಿಯಲ್ಲಿ ಹೋಯಿತಂತೆ. ಆತನ ತಪ್ಪಿಲ್ಲ, ಅವನಿಗೆ ಅದು ಒಂದು ಹಳೆಯ ಕುರ್ಚಿ. ಅಂದಿನಿಂದ ಎಲ್ಲಿ ಗುಜರಿ ಅಂಗಡಿ ಕಂಡರೂ ನನ್ನ ಕುತ್ತಿಗೆ ತಾನಾಗಿ ತಿರುಗುತ್ತದೆ...

“ಅಮ್ಮ, ನಿದ್ರೆ ಬಂತಾ?” ಎಂದು ಮಗಳು ಹೊರಗಿನಿಂದ ಕರೆದಳು. ಏಳಲು ಹೋದೆ. ಸೀರೆ ಏಳಲಿಲ್ಲ. ಒಣಗಿದೆ ಎಂದಿದ್ದ ಬಣ್ಣ ಒಣಗಿರಲಿಲ್ಲ. ಜಗ್ಗಿದಾಗ ಚರ್ರ್ ಎಂದು ಬಟ್ಟೆ ಹಲಗೆಯಿಂದ ಬಿಟ್ಟುಕೊಂಡಿತು.

ಅಂಗಡಿಯವರು ಹೆದರಿ ಹಳೆಯ ಬಟ್ಟೆಯೊಂದನ್ನು ಚಿಮಿಣಿ ಎಣ್ಣೆಯಲ್ಲಿ ಅದ್ದಿ ತಂದರು. ನಾನು ಸೀರೆಯ ಹಿಂಭಾಗವನ್ನು ಮುಂದಕ್ಕೆ ಎಳೆದುಕೊಂಡು ಬಗ್ಗಿ ಕಲೆಯನ್ನು ಉಜ್ಜತೊಡಗಿದೆ. ಆ ಎಣ್ಣೆಯ ವಾಸನೆ, ಕೈಯಡಿಯಲ್ಲಿ ಅಂಟು ಅಂಟು ಬಟ್ಟೆ... ನನ್ನ ಕೈ ನಿಂತಿತು. ಕಣ್ಣೆದುರು ಬಂದದ್ದು ನನ್ನ ಶಾಲೆಯ ಆ ನೀಲಿ ಲಂಗ. ಅದರ ಹಿಂದೆ ಅಂಗೈ ಅಗಲದ ಹಳದಿ ಕಲೆ. ಮರುದಿನ ಸಾಲಿನಲ್ಲಿ ನಿಂತಾಗ ಟೀಚರ್ ನಗಾಡಿ, “ನಮ್ಮ ಶಾಲೆ ಬೋರ್ಡಿನ ಬಣ್ಣ ನಿನ್ನ ಲಂಗಕ್ಕೂ ಬಂತಾ?” ಎಂದು ಕೇಳಿದ್ದರು.

ಶಾಲೆಯ ಬೋರ್ಡು! ಆ ವರ್ಷ ಮಾಮ ವಿಷಮಜ್ವರ ಬಂದು ಮಳೆಗಾಲ ಪೂರ್ತಿ ಮಲಗಿದ್ದರು. ಮಲ್ಪೆಗೆ ಹೋಗಲೇ ಇಲ್ಲ. ಎದ್ದು ಓಡಾಡುವ ಹಾಗಾದ ಮೇಲೆ ಹೆಡ್ಮಾಸ್ಟ್ರು ಕರೆದು ಕೊಟ್ಟ ಸಣ್ಣ ಕೆಲಸ ಅದೊಂದೇ, ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ. ಉಳಿದ ಹಳದಿ ಕುರ್ಚಿಗೆ ಬಂದಿತ್ತು. ಬೋಟುಗಳ ಲೆಕ್ಕ ಹಿಡಿದ ಮಾಮನಿಗೆ ಬೋಟೇ ಇಲ್ಲದ ವರ್ಷ ಸಿಕ್ಕುವುದಾದರೂ ಹೇಗೆ? ಇಲ್ಲದ ಬೋಟನ್ನು ಹುಡುಕಿಕೊಂಡು ಆ ಕಣ್ಣು ಕಾಣದ ಮನುಷ್ಯ ಮಲ್ಪೆಯೆಲ್ಲ ತಿರುಗಿದರು. ಉತ್ತರ ನನ್ನ ಲಂಗದಲ್ಲಿತ್ತು.

“ಹಳದಿ ಮಾಮ,” ಎಂದೆ. ಗಟ್ಟಿಯಾಗಿಯೇ ಹೇಳಿದೆನಂತೆ. “ಏಳನೆಯದು ಹಳದಿ.”

ಅಂಗಡಿಯವರು ನನ್ನ ಸೀರೆಯ ಕಲೆಯನ್ನು ನೋಡಿದರು, ನನ್ನ ಮುಖ ನೋಡಿದರು.

“ಇಲ್ಲ ಅಕ್ಕ,” ಎಂದರು ಮೆಲ್ಲಗೆ, “ಅದು ಹಸಿರು.”

ಹೌದು, ಹಸಿರು ಎಂದು ಒಪ್ಪಿಕೊಂಡೆ. ಇನ್ನು ಯಾರಿಗೆ ಹೇಳಲಿ.