ಬಾಲ ಬಂತಾ?

ನನ್ನ ಭಾವ ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಚುತ್ತಲೇ ತಲೆ ನೆರೆಸಿಕೊಂಡವರು. ಅಕ್ಕ ತೀರಿಕೊಂಡ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಮಾತಾಡಲು ನರಪಿಳ್ಳೆಯೂ ಇರಲಿಲ್ಲ. ನಾನು ಹೋದಾಗಲೆಲ್ಲ ಟೀವಿ ಜೋರಾಗಿ ಹಾಕಿಕೊಂಡು ಗೋಡೆ ನೋಡುತ್ತಾ ಕೂತಿರುತ್ತಿದ್ದರು. ಉಳಿದಿದ್ದು ಒಂದೇ: ತಿಂಗಳಿಗೊಮ್ಮೆ ಊರಂಚಿನ ಕುರುಚಲು ಕಾಡಿನಲ್ಲಿ ದಿನವಿಡೀ ನಡೆಯುವ ಒಂದು ಗುಂಪು.

ಅಲ್ಲಿ ಅವರ ಹೆಸರು ಬಾಲ. ಕೆಂಪು ಜಾಕೀಟು ತೊಟ್ಟು ಎಲ್ಲರಿಗಿಂತ ಹಿಂದೆ ನಡೆಯುತ್ತಾ, ಯಾರೂ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳುವುದು ಅವರ ಕೆಲಸ. ಮುಂದೆ ನಡೆಯುವ ಡ್ರಿಲ್ ಮೇಷ್ಟ್ರು ತಿರುವು ಬಂದಾಗಲೆಲ್ಲ "ಬಾಲ ಬಂತಾ?" ಎಂದು ಕೂಗುವರು, ಇವರು "ಬಂತು!" ಎನ್ನುವರು. ಬಾಲ ಬಂದರೆ ಎಲ್ಲರೂ ಬಂದ ಹಾಗೆ. ತಲೆ ಎಣಿಸುವ ಗೊಡವೆಯೇ ಇಲ್ಲ. ಅಕ್ಕನ ಮುಂದೆ ಒಮ್ಮೆಯೂ ಬಾಲ ಬಿಚ್ಚದ ಮನುಷ್ಯ ಈಗ ಬಾಲವೇ ಆಗಿಬಿಟ್ಟರಲ್ಲ ಎಂದು ನಾನು ರೇಗಿಸುತ್ತಿದ್ದೆ.

ಮಂಡಿ ಸವೆದಿತ್ತು. "ಇನ್ನು ಸಾಕು ಭಾವ" ಎಂದರೆ, "ಅಲ್ಲಿ ಬಿಟ್ರೆ ನನ್ನ ಕೂಗೋರು ಯಾರಮ್ಮ ಇದ್ದಾರೆ?" ಎಂದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಕಳೆದ ಸಲದ ದಾರಿಯಲ್ಲಿ ಒಂದು ಪಕ್ಕ ಮನೆಗಳ ಹಿತ್ತಿಲ ಗೋಡೆ, ಒಣಹಾಕಿದ ಬಟ್ಟೆ. ಇನ್ನೊಂದು ಪಕ್ಕ ಮುಳ್ಳುಪೊದೆ. ಸಂಜೆಯಾಗುತ್ತಲೇ ಶೀತಗಾಳಿ ಎದ್ದಿತು. ಹೊಸದಾಗಿ ಸೇರಿದ್ದ ಬ್ಯಾಂಕಿನ ಮೇಡಂ ಗಡಗಡ ನಡುಗುತ್ತಿದ್ದರು. ಭಾವ ಜಾಕೀಟು ಬಿಚ್ಚಿ ಕೊಟ್ಟರು. "ನೀವು ನಡೀತಿರಿ ಮೇಡಂ, ನಾನು ಹಿಂದೇನೇ ಬರ್ತೀನಿ."

ಕೊನೆಯ ಇಳಿಜಾರಿನಲ್ಲಿ ಮಂಡಿ ಕೈಕೊಟ್ಟಿತು. ಕಲ್ಲಿನ ಮೇಲೆ ಕೂತರು. ಕೆಳಗೆ ಗುಂಪಿನ ಬಸ್ಸಿನ ಬಳಿ ಮೇಷ್ಟ್ರು ಕೂಗಿದ್ದು ಕೇಳಿಸಿತು: "ಬಾಲ ಬಂತಾ?" ಇವರು ಬಾಯಿ ತೆರೆಯುವಷ್ಟರಲ್ಲಿ ಯಾರೋ ಕೆಂಪು ಜಾಕೀಟು ಕಂಡು "ಬಂತು, ಬಂತು, ಹೊರಡಿ!" ಎಂದರು. ಬಸ್ಸು ಹೊರಟೇಹೋಯಿತು.

ಹಿತ್ತಿಲ ಗೋಡೆಗಳನ್ನು ಹಿಡಿದು ಕುಂಟುತ್ತಾ ಮನೆ ಸೇರಿದರಂತೆ. ಮಾರನೆಯ ದಿನ ಊದಿದ ಮಂಡಿಗೆ ಬಿಸಿನೀರಿನ ಶಾಖ ಕೊಡುತ್ತಾ ಬೈದೆ: "ಜೇಬಲ್ಲಿ ಫೋನಿತ್ತಲ್ಲ, ಮಾಡೋಕೆ ಏನಾಗಿತ್ತು?"

"ನಾನಿಲ್ಲ ಅಂತ ಅವರಿಗೇ ಗೊತ್ತಾಗುತ್ತೇನೋ ಅಂತ ಕಾದೆ."

ಅಷ್ಟರಲ್ಲಿ ಫೋನು ಬಂತು. ಭಾವ ಗಬಕ್ಕನೆ ಎತ್ತಿಕೊಂಡರು. ಮೇಷ್ಟ್ರ ದೊಡ್ಡ ಗಂಟಲು ನನಗೂ ಕೇಳುತ್ತಿತ್ತು.

"ಜಾಕೀಟು ಆ ಮೇಡಂ ಹತ್ರಾನೇ ಇರಲಿ ಬಿಡಿ. ಚುರುಕಾಗಿದ್ದಾರೆ, ಇನ್ಮೇಲೆ ಅವರೇ ಬಾಲ. ನಿಮಗೂ ಮಂಡಿ ನೋವು, ಆರಾಮಾಗಿ ಮನೇಲಿರಿ. ಅಂದಹಾಗೆ ನಿನ್ನೆ ಬಸ್ಸಲ್ಲಿ ಎಲ್ಲಿ ಕೂತಿದ್ರಿ? ಕಾಣಲೇ ಇಲ್ಲ?"

ಭಾವ ನನ್ನ ಮುಖ ನೋಡಲಿಲ್ಲ.

"ಹಿಂದಿನ ಸೀಟಲ್ಲಿ" ಎಂದರು.