ಪಿನ್ನು ಕೂತರೆ ಸಾಕಾ?

ನಮ್ಮಪ್ಪ ಸೇಲಂನ ಕರೆಂಟ್ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಒಂದು ದಿನವೂ ಕಂಬ ಹತ್ತಿದವರಲ್ಲ, ಆದರೂ ಮನೆಯಲ್ಲಿ ಕರೆಂಟಿನ ವಿಷಯಕ್ಕೆ ಅವರ ಮಾತೇ ಕೊನೆ. ಸಂಜೆ ಲೋ ವೋಲ್ಟೇಜ್ ಬಂತೆಂದರೆ ಫ್ರಿಜ್ಜು, ಟಿವಿ ಎಲ್ಲದರ ಪ್ಲಗ್ಗನ್ನೂ ಕಿತ್ತು ಕೂರುತ್ತಿದ್ದರು. ಹಿಂದೊಮ್ಮೆ ಹಾಗೆ ಕೀಳದೆ ಫ್ರಿಜ್ಜಿನ ಮೋಟಾರು ಸುಟ್ಟಿತ್ತು. ಅಂದಿನಿಂದ ಕಡಿಮೆ ಕರೆಂಟೆಂದರೆ ಅವರಿಗೆ ಜೀವಭಯ.

ಕೆನಡಾದಲ್ಲಿ ಮಗಳ ಮನೆಯಲ್ಲಿದ್ದ ನಮ್ಮ ಅತ್ತೆ ಹಾಸಿಗೆ ಹಿಡಿದರು. ಅಪ್ಪನಿಗೆ ಇದ್ದ ಒಬ್ಬಳೇ ಅಕ್ಕ. ತಮ್ಮನನ್ನು ನೋಡಬೇಕೆಂದು ಹಟ ಹಿಡಿದರೆಂದು ಮಗಳೇ ಟಿಕೆಟ್ ಕಳಿಸಿದಳು. ಅಪ್ಪನಿಗೆ ಕಿವಿ ಬಹಳ ಮಂದ, ಮಿಷನ್ ಇಲ್ಲದಿದ್ದರೆ ಏನೂ ಕೇಳದು. ಅದಕ್ಕೆ ದಿನಾ ಚಾರ್ಜ್ ಹಾಕಬೇಕು. ಚಾರ್ಜರನ್ನು ಟವೆಲಿನಲ್ಲಿ ಸುತ್ತಿ ತಾವೇ ಪೆಟ್ಟಿಗೆಯ ತಳದಲ್ಲಿಟ್ಟುಕೊಂಡು ಹೋದರು.

ಹೋದ ಮರುದಿನವೇ ಮಿಷನ್ ನಿಂತಿತು. ನಮ್ಮ ಗುಂಡು ಪಿನ್ನು ಅಲ್ಲಿನ ಗೋಡೆಯ ಚಪ್ಪಟೆ ತೂತಿಗೆ ಹೋಗುವುದಿಲ್ಲ. ಅತ್ತೆಯ ಮಗಳು ಅಡಾಪ್ಟರ್ ತಂದುಕೊಟ್ಟಳು. ಅಪ್ಪ ಚಾರ್ಜರನ್ನು ಅವಳ ಕೈಗೇ ಕೊಡಲಿಲ್ಲ. ನನಗೆ ಫೋನ್ ಮಾಡಿ ಒಂದೇ ಉಸಿರಿನಲ್ಲಿ ಹೇಳಿದರು:

"ಪಿನ್ನು ಕೂತ್ರೆ ಸಾಕಾ? ಅಡಾಪ್ಟರು ಪಿನ್ನು ಮಾತ್ರ ಬದಲಾಯ್ಸ್ತೈತೆ, ಕರೆಂಟ್ ಬದಲಾಯ್ಸಾಕಿಲ್ಲ. ನಮ್ದು ಇನ್ನೂರ ಮೂವತ್ತು, ಇಲ್ಲಿ ಬರೀ ನೂರಿಪ್ಪತ್ತು. ಆಕಿದ್ರೆ ಮಿಷನ್ನೇ ಓಯ್ತೈತೆ."

ಹಾಕಿ ನೋಡಿ ಅಪ್ಪ ಎಂದು ನಾನು ಕಿರುಚಿದೆ. ಕಿವಿ ಕೇಳಿದ್ದರೆ ತಾನೆ! ತಮ್ಮ ಮಾತು ಮುಗಿಸಿ ಇಟ್ಟುಬಿಟ್ಟರು. ಅತ್ತೆಯ ಮಗಳು ಪಾಪ, ವೋಲ್ಟೇಜ್ ಏರಿಸುವ ಪೆಟ್ಟಿಗೆಯೊಂದನ್ನು ತರಿಸಲು ಹಣ ಕಟ್ಟಿದಳು. ಅದು ಬಂದದ್ದು ಅತ್ತೆಯ ಅಂತ್ಯಕ್ರಿಯೆ ಮುಗಿದ ಮೇಲೆ.

ಕಡೆಗಾಲದಲ್ಲಿ ಅತ್ತೆಗೆ ಇಂಗ್ಲಿಷೂ ತಮಿಳೂ ಮರೆತುಹೋಗಿ ಹುಟ್ಟೂರು ಅದಿಯಮಾನ್‌ಕೋಟೆಯ ಬಾಲ್ಯದ ಕನ್ನಡವೊಂದೇ ಉಳಿದಿತ್ತಂತೆ. ಅವರ ಮಗಳಿಗೆ ಕನ್ನಡ ಬಾರದು. "ಅಮ್ಮ ಮಾಮಾಕಿಟ್ಟೆ ಏದೋ ಕೇಟ್ಟಾಂಗ, ಎನಕ್ಕು ಪುರಿಯಲೆ" ಎಂದು ಫೋನಿನಲ್ಲಿ ಅತ್ತಳು. ಅಮ್ಮ ಮಾವನನ್ನು ಏನೋ ಕೇಳಿದರು, ನನಗೆ ತಿಳಿಯಲಿಲ್ಲ ಎಂದು. ಆ ಮಾತು ತಿಳಿಯಬಲ್ಲವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು, ಅವರಿಗೆ ಕೇಳಿಸಲಿಲ್ಲ. ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಸೇಲಂಗೆ ಮರಳಿದ ಅಪ್ಪನನ್ನು ನೋಡಿದಾಗ ಆ ಸಿಟ್ಟು ಉಳಿಯಲಿಲ್ಲ. ಅರ್ಧಕ್ಕರ್ಧ ಇಳಿದುಹೋಗಿದ್ದರು. ಪೆಟ್ಟಿಗೆ ಬಿಚ್ಚಿ ಚಾರ್ಜರನ್ನು ಗೋಡೆಗೆ ಹಾಕಲು ಹೋದೆ. ಹಿಂಭಾಗದಲ್ಲಿ ಇರುವೆಯಷ್ಟು ಸಣ್ಣ ಅಕ್ಷರ: ನೂರರಿಂದ ಇನ್ನೂರ ನಲವತ್ತು ವೋಲ್ಟ್. ಅಡಾಪ್ಟರ್ ಒಂದೇ ಸಾಕಿತ್ತು. ಅಲ್ಲೂ ನಡೆಯುತ್ತಿತ್ತು, ಎಲ್ಲಿಯೂ ನಡೆಯುತ್ತಿತ್ತು.

ಚಾರ್ಜಾದ ಮಿಷನ್ನನ್ನು ಕಿವಿಗಿಟ್ಟುಕೊಂಡ ಮೇಲೆ ಅಪ್ಪ ಮೊದಲು ಆಡಿದ್ದು ಅಕ್ಕನ ಮಾತು.

"ನನ್ ಕೈ ಇಡ್ಕೊಂಡು ಎರಡು ಸಲ ಏನೋ ಕೇಳ್ತು ಕಣಮ್ಮ. ಬಾಯಿ ಆಡ್ತಿತ್ತು, ಅಷ್ಟೇ ಕಂಡಿದ್ದು. ನಾನು ಆಗ್ಲಕ್ಕ ಅಂದ್ಬುಟ್ಟೆ. ಅದು ನಕ್ಬುಡ್ತು. ಏನಕ್ಕೆ ಒಪ್ಕೊಂಡ್ನೋ ಏನೋ."

ಅಪ್ಪ ಚಾರ್ಜರನ್ನು ಎತ್ತಿಕೊಂಡು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು.

"ಇಲ್ಲೇನೋ ಬರ್ದೈತಲ್ಲ, ಏನದು?"

"ಎಲ್ಲಿ ಮಾಡಿದ್ದು ಅಂತ ಐತೆ ಅಪ್ಪ," ಎಂದೆ. "ಅಷ್ಟೇ."