ಆಯಿಶುಮ್ಮನ ಆಳಿಲ್ಲದ ವಿಮಾನ

ಬಾಯಾರಿನ ಆಯಿಶುಮ್ಮ ಬೀಡಿ ಕಟ್ಟುವುದರಲ್ಲಿ ಹೆಸರಾದವರು. ಹದಿಮೂರನೇ ವಯಸ್ಸಿನಲ್ಲಿ ಮಡಿಲಲ್ಲಿ ಮೊರ ಇಟ್ಟುಕೊಂಡು ನೆಲದ ಮೇಲೆ ಕೂತವರು ಐವತ್ತೆರಡರವರೆಗೂ ಏಳಲಿಲ್ಲ ಎಂದು ನೆರೆಯವರು ತಮಾಷೆ ಮಾಡುತ್ತಿದ್ದರು. 2011ರಲ್ಲಿ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದು ಅವರ ತೊಡೆಯ ಎಲುಬು ಮುರಿಯಿತು. ಇನ್ನು ನೆಲದಲ್ಲಿ ಕೂರಲೇಬಾರದು ಎಂದರು ಡಾಕ್ಟರು.

ಕುರ್ಚಿಯಲ್ಲಿ ಕೂತು ಕಟ್ಟಿ ನೋಡಿದರು. ಮೊರ ಜಾರುತ್ತಿತ್ತು, ಕೈ ಒಗ್ಗಲಿಲ್ಲ. ಬೆರಳುಗಳು ಮಾತ್ರ ಸುಮ್ಮನಿರದೆ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿದ್ದವು. ಶಾಲೆಗಳಿಗೆ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದ ಮಗಳು ಜಸೀಲಾ ಅದನ್ನು ನೋಡಲಾರದೆ ಒಂದು ದಿನ ತಾಯಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಆಟವೊಂದನ್ನು ಹಾಕಿಕೊಟ್ಟಳು. ಮುನ್ನೂರು ವರ್ಷ ಕಳೆದ ಮೇಲೆ ಯಾವುದೋ ಗ್ರಹದಲ್ಲಿ ನಡೆಯುವ ಯುದ್ಧದ ಆಟ. ಸಾಲಾಗಿ ನಿಂತ ಯುದ್ಧವಿಮಾನಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕಿಟಕಿಯೇ ಇಲ್ಲದ ಬೂದು ವಿಮಾನವೊಂದು ಆಯಿಶುಮ್ಮನ ಕಣ್ಣಿಗೆ ಬಿತ್ತು.

“ಇದರಲ್ಲಿ ಕೂರುವುದು ಎಲ್ಲಿ?”

“ಇದಕ್ಕೆ ಆಳು ಇಲ್ಲ ಉಮ್ಮ. ನೆಲದಿಂದಲೇ ನಡೆಸುವುದು.”

“ಹಾಗಾದರೆ ನನಗೆ ಇದೇ ಆಗಬಹುದು.”

ಮೂರು ತಿಂಗಳಲ್ಲಿ ಅವರ ಬೆರಳಿನ ವೇಗಕ್ಕೆ ಜಸೀಲಾಳ ಕಣ್ಣು ಸಾಲದಾಯಿತು. ಆದರೆ ಒಂದು ಹಟ. ಎದುರಾಳಿಯ ವಿಮಾನದಲ್ಲಿ ಪೈಲಟ್ ಇದ್ದರೆ, ಗುರಿ ಹಿಡಿದ ಕೂಡಲೇ ಅವನ ಮುಖ ಪರದೆಯ ಮೂಲೆಯಲ್ಲಿ ಮೂಡುತ್ತಿತ್ತು. ಆಯಿಶುಮ್ಮ ಬೆರಳು ತೆಗೆದುಬಿಡುತ್ತಿದ್ದರು.

“ಅದು ಚಿತ್ರ ಉಮ್ಮ!”

“ಚಿತ್ರ ಅಂತ ನನಗೂ ಗೊತ್ತುಂಟು. ಆದರೂ ಬೇಡ.”

ಮರುವರ್ಷ ಉಪ್ಪಳದ ಕಂಪ್ಯೂಟರ್ ಅಂಗಡಿಯೊಂದು ಈ ಆಟದ ಸ್ಪರ್ಧೆ ಇಟ್ಟಿತು. ಊರುಗೋಲು ಹಿಡಿದು ಬಂದ ಹೆಂಗಸನ್ನು ನೋಡಿ ನಕ್ಕವರು ಮಧ್ಯಾಹ್ನದ ಹೊತ್ತಿಗೆ ಅವರ ಕುರ್ಚಿಯ ಹಿಂದೆ ಗುಂಪುಗೂಡಿದ್ದರು. ಎದುರಾದವರೆಲ್ಲ ಆಳಿಲ್ಲದ ವಿಮಾನವನ್ನೇ ಆರಿಸಿದ್ದರಿಂದ ಆಯಿಶುಮ್ಮ ಗೆಲ್ಲುತ್ತಲೇ ಹೋದರು. ಕೊನೆಯ ಪಂದ್ಯಕ್ಕೆ ಉಳಿದವನು ಮೊಬೈಲ್ ರಿಪೇರಿಯ ಸುಕುಮಾರ. ಆಯಿಶುಮ್ಮನ ಹಟ ಯಾರಿಂದಲೋ ತಿಳಿದು ಅವನು ಪೈಲಟ್ ಇರುವ ವಿಮಾನವನ್ನೇ ಆರಿಸಿಕೊಂಡ.

ಆಯಿಶುಮ್ಮ ಅವನ ಬೆನ್ನು ಬಿಡಲಿಲ್ಲ, ಹೊಡೆಯಲೂ ಇಲ್ಲ. ಅವನು ತಪ್ಪಿಸಿಕೊಳ್ಳುತ್ತ ಸುತ್ತಿ ಸುತ್ತಿ ಇಂಧನ ಮುಗಿಸಿಕೊಂಡು ಕೆಳಗಿಳಿಯಬೇಕಾಯಿತು. ನೆಲದಲ್ಲಿ ನಿಂತ ವಿಮಾನ ಸುಲಭದ ಗುರಿ.

“ಹೊಡೀರಿ ಉಮ್ಮ, ಹೊಡೀರಿ!” ಜಸೀಲಾ ಕೂಗಿದಳು.

ಆಯಿಶುಮ್ಮ ಮೇಲೆಯೇ ಸುತ್ತುತ್ತ ಉಳಿದರು. ಸುಕುಮಾರ ಇಂಧನ ತುಂಬಿಸಿಕೊಂಡು ಎದ್ದವನೇ ಅವರ ವಿಮಾನವನ್ನು ಹೊಡೆದುರುಳಿಸಿದ. ಬಸ್ಸಿನಲ್ಲಿ ಮರಳುವಾಗ ಜಸೀಲಾ ಸುಲಭದ ಗುರಿ ಬಿಟ್ಟದ್ದಕ್ಕೆ ಗೊಣಗುತ್ತಲೇ ಇದ್ದಳು. ಆಯಿಶುಮ್ಮನಿಗೂ ಬೇಸರವಾಗಿತ್ತು, ಗೆಲ್ಲಬೇಕೆಂಬ ಆಸೆ ಅವರಿಗೂ ಇತ್ತು.

ಎಂಟು ದಿನ ಕಳೆದು ಸುಕುಮಾರ ಬಾಯಾರಿಗೆ ಬಂದ. ಗೆದ್ದಿದ್ದ ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ಕೂತ.

“ಇದು ನನ್ನ ಹತ್ತಿರ ಇರುವುದು ಸರಿಯಲ್ಲ ಆಯಿಶುಮ್ಮ. ನೀವು ಹೊಡೆಯುವುದಿಲ್ಲ ಅಂತ ಗೊತ್ತಿದ್ದೇ ನಾನು ಆ ವಿಮಾನ ತೆಗೊಂಡದ್ದು.”

“ಆಟದಲ್ಲಿ ಅದೂ ಒಂದು ಜಾಣತನ ಮಗಾ. ಮೊದಲು ಚಾ ಕುಡಿ.”

ಹೆಡ್‌ಫೋನನ್ನು ಅವರು ತೆಗೆದುಕೊಳ್ಳಲಿಲ್ಲ. ಚಾ ಕುಡಿಯುತ್ತ ಸುಕುಮಾರ ಕೇಳಿದ: “ನಾವಿಬ್ಬರು ಒಂದೇ ಕಡೆ ಆಡಿದರೆ ಹೇಗೆ?”

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಅವನು ಉಪ್ಪಳದಿಂದ, ಇವರು ಬಾಯಾರಿನಿಂದ, ಫೋನಿನಲ್ಲಿ ಮಾತಾಡಿಕೊಳ್ಳುತ್ತ ಜೊತೆಯಾಗಿ ಆಡಿದರು. ಅವನದು ಪೈಲಟ್ ಇರುವ ವಿಮಾನ. ಅದರ ಮುಂದೆ ಆಯಿಶುಮ್ಮನ ಬೂದು ವಿಮಾನ, ಬಂದ ಏಟನ್ನೆಲ್ಲ ತಾನೇ ತಿನ್ನುತ್ತ. “ನನ್ನದು ಹೋದರೆ ಇನ್ನೊಂದು ಬರುತ್ತದೆ. ನೀನು ಜಾಗ್ರತೆ,” ಎನ್ನುತ್ತಿದ್ದರು. ಎದುರಾಳಿಗಳಲ್ಲಿ ಪೈಲಟ್ ಇದ್ದವರನ್ನು ಅವನೂ ಬಿಟ್ಟುಬಿಡತೊಡಗಿದ. ಹಾಗಾಗಿ ಅವರು ಸೋತದ್ದೇ ಹೆಚ್ಚು.

2016ರಲ್ಲಿ ಆಟ ನಡೆಸುತ್ತಿದ್ದ ಕಂಪನಿ ಅದನ್ನು ನಿಲ್ಲಿಸುವುದಾಗಿ ತಿಳಿಸಿತು. ಕೊನೆಯ ಭಾನುವಾರ ಇಬ್ಬರೂ ಯಾರೊಡನೆಯೂ ಕಾದಾಡದೆ ಆ ಗ್ರಹದ ಗುಡ್ಡಗಳ ಮೇಲೆ ಒಂದು ಗಂಟೆ ಹಾರಿದರು. ಹೊತ್ತಾದಾಗ ಆಯಿಶುಮ್ಮ ತಮ್ಮ ವಿಮಾನವನ್ನು ಬದಿಗೆ ಸರಿಸಿ ದಾರಿ ಬಿಟ್ಟುಕೊಟ್ಟರು.

“ನೀನು ಮೊದಲು ಇಳಿ ಮಗಾ. ನಿಧಾನಕ್ಕೆ.”